ಸೆಕೆಂಡಿಗೆ ಒಂದೇ ಪಲ್ಸ್

"ಸೆಕೆಂಡಿಗೆ ಒಂದೇ ಪಲ್ಸ್ ಕಣಯ್ಯಾ. ಅದರಲ್ಲಿ ವೇಗದ ಪ್ರಶ್ನೆ ಎಲ್ಲಿಂದ ಬಂತು?"

ಈ ಮಾತನ್ನು ನಮ್ಮ ಲೆಕ್ಚರರ್ ಧ್ವನಿಯಲ್ಲಿ ನಾನು ಈಗಲೂ ಹೇಳಬಲ್ಲೆ. ಮೊದಲು ಗಂಟಲಿನ ಒಳಗೆ 'ಉಂ...' ಎಂದು ಸಣ್ಣಗೆ ಹೊರಡಬೇಕು, ಅಕ್ಕಿ ಮಿಲ್ಲು ಶುರುವಾಗುವ ಹಾಗೆ. ಅದು ಏರಿ ಏರಿ ಬಾಯಿಗೆ ಬರುವಷ್ಟರಲ್ಲಿ ಎದುರಿಗಿದ್ದವನು ಒಂದು ಆಕಳಿಕೆ ಮುಗಿಸಿರಬೇಕು. ಆಮೇಲೆ ಮಾತು. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಹೇಳಿ ಮುಗಿಸುವಾಗ ಸಿಟ್ಟಿಗೆ ಕಿವಿ ಬಿಸಿಯಾಗುತ್ತದೆ. ಆ ಒಂದು ವಾಕ್ಯದ ದೆಸೆಯಿಂದ ನಮ್ಮ ಮಾವ, ಅಮ್ಮನ ಅಣ್ಣ, ಒಂದು ಮಳೆಗಾಲ ಪೂರ್ತಿ ಕಳ್ಳ ಅನ್ನಿಸಿಕೊಂಡರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಹೆದ್ದಾರಿ ಬದಿಗೆ, ಒಂದು ಬಸ್ ಸ್ಟ್ಯಾಂಡು. ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ಇಬ್ಬರು ಏಜೆಂಟರು ನಾಳೆ ಬೆಳಿಗ್ಗೆ ಮನೆಗೆ ಬರುತ್ತಾರೆ, ಅಮ್ಮ ಇಬ್ಬರಿಗೂ ಚಾ ಮಾಡಬೇಕಾಗುತ್ತದೆ. ಏಜೆಂಟರೆಂದರೆ ಒಂದೊಂದು ಕಂಪನಿಯ ಬಸ್ಸಿನ ಪರವಾಗಿ ಸ್ಟ್ಯಾಂಡಿನಲ್ಲಿ ನಿಂತು ಜನರನ್ನು ಕೂಗಿ ಕರೆಯುವವರು, ಜಗಳ ಬಂದರೆ ಮೊದಲು ಅಂಗಿಯ ತೋಳು ಮಡಿಸುವವರು. ನಮ್ಮ ಕಡೆಯ ಖಾಸಗಿ ಬಸ್ಸಿಗೆ ನಿಮಿಷವೆಂದರೆ ಜೀವ. ಒಂದರ ಬಾಲಕ್ಕೆ ಇನ್ನೊಂದು ಓಡುತ್ತದೆ. ಎರಡು ನಿಮಿಷ ಮುಂದೆ ಹೋದವನಿಗೆ ಕೋಟದಲ್ಲಿ, ಬ್ರಹ್ಮಾವರದಲ್ಲಿ ಕಾದಿರುವ ಜನವೆಲ್ಲ ಸಿಗುತ್ತಾರೆ. ಹಿಂದೆ ಬಿದ್ದವನಿಗೆ ಸಿಗುವುದು ಅವನ ಧೂಳು. ಆದ್ದರಿಂದ ಸ್ಟ್ಯಾಂಡಿಗೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು: ತಡವಾಗಿ ಬಂದ ಬಸ್ಸು ನಿಲ್ಲುವ ಹಾಗಿಲ್ಲ. ಜನ ಕೊಡೆ ಬೀಸಿ ಕರೆದರೂ ಹಾಗೇ ಹೋಗಬೇಕು.

ತಡವೋ ಸಮವೋ ಎಂದು ಹೇಳುವವರು ಮಾವ. ಅವರು ಆ ಸ್ಟ್ಯಾಂಡಿನ ಟೈಮ್ ಕೀಪರ್. ಒಂದು ಮೂಲೆಯಲ್ಲಿ ಅವರ ಪುಟ್ಟ ರೂಮು, ಕೊರಳಲ್ಲಿ ಸೀಟಿ, ಎಡಗೈಯಲ್ಲಿ ಕೀ ಕೊಡುವ ವಾಚು. ಆ ವಾಚಿನ ಮೇಲೆ ದಿನಾ ಯುದ್ಧ. ಪ್ರತಿ ಕಂಡಕ್ಟರನ ವಾಚೂ ಅವನವನ ಬಸ್ಸಿಗೆ ಅನುಕೂಲವಾಗುವಷ್ಟು ಹಿಂದೆಯೋ ಮುಂದೆಯೋ ಇರುತ್ತಿತ್ತು. ಇದು ಎಲ್ಲರಿಗೂ ಗೊತ್ತು. ಹಾಗಾಗಿ ಆ ಸ್ಟ್ಯಾಂಡಿನಲ್ಲಿ ಯಾರೂ ಯಾರ ಮಣಿಕಟ್ಟನ್ನೂ ನಂಬುತ್ತಿರಲಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಡಿಜಿಟಲ್ ಗಡಿಯಾರ. ಕಟ್ಟಿಕೊಟ್ಟವರು ನಮ್ಮ ಲೆಕ್ಚರರು. ಅವರ ಮನೆ ಅಲ್ಲೇ ಹತ್ತಿರ, ಪಾಠ ಮಾಡುತ್ತಿದ್ದದ್ದು ನಾನು ಡಿಪ್ಲೊಮಾ ಓದುತ್ತಿದ್ದ ಕಾಲೇಜಿನಲ್ಲಿ. ಒಂದು ಪೈಸೆ ತೆಗೆದುಕೊಳ್ಳದೆ ಕಟ್ಟಿಕೊಟ್ಟರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮಾವನ ರೂಮಿನಲ್ಲಿ ಒಂದು ಡಬ್ಬಿ. ಅದರ ಕೆಲಸ ಸೆಕೆಂಡಿಗೊಮ್ಮೆ ಒಂದು ಪೆಟ್ಟು ವಿದ್ಯುತ್ ಕಳಿಸುವುದು, ಅದೇ ಪಲ್ಸ್. ಅಲ್ಲಿಂದ ತಗಡಿನ ಮಾಡಿನ ಕೆಳಗೆ ಸ್ಟ್ಯಾಂಡಿನ ಉದ್ದಕ್ಕೂ ಒಂದು ವೈರು. ಆ ಕೊನೆಯಲ್ಲಿ ಕಂಬದ ಮೇಲೆ ಕೆಂಪು ಅಂಕೆಗಳ ದೊಡ್ಡ ಗಡಿಯಾರ, ಬಂದ ಪೆಟ್ಟುಗಳನ್ನು ಎಣಿಸಿ ಗಂಟೆ, ನಿಮಿಷ, ಸೆಕೆಂಡು ತೋರಿಸುವುದು. ಏಣಿ ಹೊತ್ತವನು ನಾನು. ಎಂಜಿನಿಯರಿಂಗ್‌ನಲ್ಲಿ ಅದು ನನ್ನ ಮೊದಲ ಸಾಧನೆ.

ಉದ್ಘಾಟನೆಯ ದಿನ ಮಾವ ಕೈಗಡಿಯಾರ ಬಿಚ್ಚಿ ಅತ್ತೆಯ ಕೈಗೆ ಕೊಟ್ಟರು. "ತಕೋ, ಇನ್ನ್ ನಂಗೆ ಸ್ವಂತ ಟೈಮ್ ಇಲ್ಲೆ" ಎಂದರು. ನಗುನಗುತ್ತಾ ಹೇಳಿದರು. ಆ ವಾಚು ಕಪಾಟಿಗೆ ಹೋಗಿ, ಕೀ ಕೊಡುವವರಿಲ್ಲದೆ, ಯಾವುದೋ ಒಂದು ಗಂಟೆಯಲ್ಲಿ ನಿಂತಿತು. ಪಕ್ಷಪಾತದ ಮಾತು ಬರಬಾರದೆಂದು ಮನುಷ್ಯ ತನ್ನ ಏಕೈಕ ಸಾಕ್ಷಿಯನ್ನು ತಾನೇ ಕಪಾಟಿಗೆ ಹಾಕಿ ಬೀಗ ಹಾಕಿದ.

ಬೇಸಿಗೆ ಚೆನ್ನಾಗಿಯೇ ಕಳೆಯಿತು. ಮಳೆಗಾಲದ ಬಾಗಿಲಲ್ಲಿ ಒಂದು ಸಿಡಿಲಿಗೆ ಗಡಿಯಾರ ಸತ್ತಿತು. ಲೆಕ್ಚರರು ಡಬ್ಬಿ, ಗಡಿಯಾರ ಎರಡೂ ಕಡೆಯ ಐಸಿ, ಅಂದರೆ ಒಳಗಿನ ಚಿಪ್, ಬದಲಿಸಿದರು. ಏಣಿ ಹೊತ್ತವನು ಮತ್ತೆ ನಾನೇ. ಹಳೆಯ ಐಸಿಯ ನಂಬರೇ, ನಡುವಿನ ಅಕ್ಷರ ಮಾತ್ರ ಬೇರೆ. "ಇದು ಹೊಸ ಜಾತಿ. ಹಳೆಯದು ಎಮ್ಮೆ, ಇದು ಕುದುರೆ" ಎಂದು ಅಂಗಿಯ ಜೇಬಿನಿಂದ ಮುತ್ತು ತೆಗೆದಂತೆ ತೆಗೆದು ಸಿಕ್ಕಿಸಿದರು. ಸಿಡಿಲಿನ ಹೆದರಿಕೆಗೆ ಅಂದಿನಿಂದ ಮಾವ ಸಂಜೆ ರೂಮು ಮುಚ್ಚುವಾಗ ಗಡಿಯಾರದ ಸ್ವಿಚ್ ಆರಿಸುತ್ತಿದ್ದರು. ಬೆಳಿಗ್ಗೆ ರೇಡಿಯೋ ವಾರ್ತೆ ಶುರುವಾಗುವ ಹೊತ್ತಿಗೆ ಡಬ್ಬಿಯ ಬಟನ್ ಒತ್ತಿ ಸಮಯ ಕೂರಿಸುತ್ತಿದ್ದರು.

ಆ ಬಟನ್ನೇ ಅವರ ಕುತ್ತಿಗೆಗೆ ಬಂತು.

ಏಕೆಂದರೆ ಬೆಳಿಗ್ಗೆ ಸರಿಯಾಗಿರುತ್ತಿದ್ದ ಸ್ಟ್ಯಾಂಡು ಮಧ್ಯಾಹ್ನದ ಮೇಲೆ ಹಾಳಾಗತೊಡಗಿತು. ಬೈಂದೂರಿನಿಂದ ಬರುವ ಬಸ್ಸುಗಳು ಒಂದಾದ ಮೇಲೊಂದು ಲೇಟು. ಸಂಜೆಯಾದಷ್ಟೂ ಇನ್ನಷ್ಟು ಲೇಟು. ನಮ್ಮ ಸ್ಟ್ಯಾಂಡಿನಿಂದಲೇ ಹೊರಡುವ ಕುಂದಾಪುರ ಕಡೆಯ ಬಸ್ಸುಗಳಿಗೋ ಭರ್ಜರಿ ಸುಗ್ಗಿ. ಅವು ಕೆಂಪು ಅಂಕೆ ನೋಡಿ ಹೊರಟು ಮುಂದಿನ ಊರಿನ ಜನರನ್ನೆಲ್ಲ ಗುಡಿಸಿಕೊಂಡು ಹೋಗುತ್ತಿದ್ದವು.

ಬೈಂದೂರು ಕಡೆಯ ಏಜೆಂಟರು ಒಬ್ಬರಿದ್ದಾರೆ, ದಿನಕ್ಕೆ ಮಾತಾಡುವುದೇ ಒಂದೋ ಎರಡೋ ಸಲ. ಆದರೆ ಆ ಒಂದು ಸಲ ಬಾಯಿ ತೆರೆದರೆ ಸ್ಟ್ಯಾಂಡಿನ ಜ್ಯೂಸ್ ಅಂಗಡಿಯ ಗ್ಲಾಸುಗಳು ಒಂದಕ್ಕೊಂದು ತಾಗುತ್ತವೆ.

"ಹ್ವಾಯ್! ಬೈಂದೂರಂಗೆ ಸಮಾ ಟೈಮಿಗ್ ಬಿಟ್ಟದ್, ದಾರಿಯಂಗೆ ಒಂದ್ ನಾಯಿಗೂ ನಿಲ್ಸಲಿಲ್ಲೆ. ಇಲ್ ಬಂದ್ರೆ ಲೇಟ್ ಅಂಬ್ರಲೆ! ಎಂತ ಕತಿ ಇದ್?"

"ಗಡಿಯಾರ ಕಂಡ್ ಹೇಳುದ್ ಮಾರಾಯ್ರೆ. ನನ್ ಕೈಯಂಗೆ ಎಂತ ಇತ್ತ್?" ಮಾವ ಖಾಲಿ ಮಣಿಕಟ್ಟು ತೋರಿಸಿದರು.

"ಕೈಯಂಗೆ ಬಟನ್ ಇತ್ತಲೆ! ಬಟನ್ ಒತ್ತುದ್ ಬೆರಳ್ ಕಾಣಿ, ಎಷ್ಟ್ ದಪ್ಪ ಆಯ್ತ್!"

ಆವತ್ತಿನಿಂದ ಮಾತು ಹಬ್ಬಿತು. ಕುಂದಾಪುರ ಕಡೆಯ ಏಜೆಂಟರು, ಲಾಭ ಪಡೆಯುತ್ತಿದ್ದವರು, ಮಾವನ ಪರ ಒಂದು ಮಾತಾಡಬಹುದಿತ್ತು. ಅವರೊಬ್ಬರು ಬೆಲ್ಲದ ಧ್ವನಿಯ ಮನುಷ್ಯ. ಕೊಲೆ ಸುದ್ದಿಯನ್ನೂ ಜೋಗುಳದಂತೆ ಹೇಳುತ್ತಾರೆ. "ಪಾಪ ಅವ್ರ್ ಎಂತ ಮಾಡುದ್. ಮನಿಗ್ ಹೊಸ ಹೆಂಚ್ ಹೊದ್ಸಿರಲ್ದಾ ಈ ಸರ್ತಿ" ಎಂದು ಬಿಟ್ಟುಬಿಟ್ಟರು. ಮುಂದಿನದನ್ನು ಕೇಳಿದವರೇ ಪೂರ್ತಿ ಮಾಡಿಕೊಳ್ಳಲಿ ಎಂದು.

ಹೆಂಚು ಹೊದಿಸಿದ್ದು ನಿಜ. ಮಾಡು ಸೋರಿದರೆ ಮನುಷ್ಯ ಇನ್ನೇನು ಹೊದಿಸಬೇಕು?

ಕಂಡಕ್ಟರುಗಳು ತಮ್ಮ ವಾಚು ತೋರಿಸಿ 'ಗಡಿಯಾರವೇ ಮುಂದಿದೆ' ಎಂದು ಬೊಬ್ಬೆ ಹೊಡೆದರು. ಆದರೆ ಕಂಡಕ್ಟರನ ವಾಚನ್ನು ಆ ಸ್ಟ್ಯಾಂಡು ನಂಬಿದ್ದು ಯಾವಾಗ? ಎಲ್ಲರೂ ಮುಳ್ಳು ತಿರುಗಿಸುವ ಊರಿನಲ್ಲಿ ಗಡಿಯಾರ ಮುಂದೆ ಓಡಿದರೆ, ಅದಕ್ಕೆ ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ತಿರುಗಿಸಿದ್ದು ಯಾರು ಎಂಬುದೇ ಪ್ರಶ್ನೆ. ರೂಮಿನ ಕೀ ಇದ್ದದ್ದು ಒಬ್ಬರ ಬಳಿ.

ಅತ್ತೆಗೆ ಇದು ತಿಳಿದದ್ದು ಮೀನು ತರುವವಳ ಬಾಯಿಂದ. "ಗಡಿಯಾರ ತಿರ್ಗ್ಸ್ದವ್ರಿಗ್ ಅಂಜಲ್ ತಿಂಬುಕ್ ಆತ್ತ್, ನಿಮ್ಗ್ ಬೂತಾಯಿ ಎಂತಕೆ?" ಎಂದಳಂತೆ, ಬುಟ್ಟಿ ಇಳಿಸುತ್ತಾ, ತಮಾಷೆಗೆ. ಅಂಜಲ್ ಎಂದರೆ ದುಡ್ಡಿದ್ದವರ ಮೀನು, ಬೂತಾಯಿ ನಮ್ಮಂಥವರದ್ದು. ಅತ್ತೆ ಬೂತಾಯಿಯನ್ನೂ ತೆಗೆದುಕೊಳ್ಳದೆ ಒಳಗೆ ಹೋದರು. ಆಮೇಲೆ ಆ ಮನೆಯಲ್ಲಿ ಬಹಳ ದಿನ ಮೀನಿನ ಸಾರು ಆಗಲಿಲ್ಲ. ಇದನ್ನು ಕೇಳಿದ ದಿನ ನನಗೆ ಬಂದ ಸಿಟ್ಟು ಯಾರ ಮೇಲೆ ಅಂತ ಗೊತ್ತಾಗದೆ ಬೈಸಿಕಲ್ಲಿಗೆ ಒದ್ದೆ. ಬೈಸಿಕಲ್ಲಿಗೆ ಏನೂ ಆಗಲಿಲ್ಲ. ನಾನು ಎರಡು ದಿನ ಕುಂಟಿದೆ.

ಈಗ ನನ್ನ ವಿಷಯ. ನಾನು ಆಗ ಮಿಮಿಕ್ರಿಯವನು. ಏಜೆಂಟರು, ಲೆಕ್ಚರರು, ರೇಡಿಯೋದ ಹೆಂಗಸು, ನೆರೆಮನೆಯ ಪಂಪ್‌ಸೆಟ್ಟು, ಯಾರನ್ನೂ ಬಿಡುತ್ತಿರಲಿಲ್ಲ. ಹುಡುಗಿಯರ ಎದುರು ನನ್ನದೇ ಧ್ವನಿ ಹೇಗೆ ಒಡೆಯುತ್ತದೆ ಎಂಬುದನ್ನೂ ಮಾಡಿ ತೋರಿಸುತ್ತಿದ್ದೆ. ಬೇರೆಯವರು ಮಾಡುವ ಮೊದಲು ನಾನೇ ಮಾಡಿಬಿಡುವುದು ಲೇಸು. ಇದರಿಂದ ನನಗೆ ಚಾ ಪುಕ್ಕಟೆ ಸಿಗುತ್ತಿತ್ತು, ಮರ್ಯಾದೆ ಸಿಗುತ್ತಿರಲಿಲ್ಲ. ನಾನು ಗಂಭೀರವಾಗಿ ಏನಾದರೂ ಹೇಳಿದರೆ ಜನ "ಇದ್ ಯಾರ್ ಸ್ವರ ಮಾರಾಯ?" ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಜ್ಯೂಸ್ ಅಂಗಡಿಯವರು ಸವಾಲು ಹಾಕಿದರು: "ಎಲ್ಲರ್ದೂ ಮಾಡ್ತಿಯಲೆ, ಆ ಗಡಿಯಾರದ್ ಮಾಡ್ ಕಾಂಬ." ಗಡಿಯಾರಕ್ಕೆ ಸ್ವರವಿಲ್ಲ, ಅದೇ ಕಷ್ಟ. ನಾನು ಬೆಂಚಿನ ಮೇಲೆ ನಿಂತು, ಕೆಂಪು ಅಂಕೆ ಬದಲಾದಂತೆಲ್ಲ ಒಂದೊಂದು ಸೆಕೆಂಡನ್ನು ಒಬ್ಬೊಬ್ಬರ ಸ್ವರದಲ್ಲಿ ಕೂಗತೊಡಗಿದೆ. ಇಪ್ಪತ್ತೊಂಬತ್ತು ಲೆಕ್ಚರರದ್ದು, ಮೂವತ್ತು ಬೈಂದೂರು ಏಜೆಂಟರದ್ದು, ಮೂವತ್ತೊಂದು ರೇಡಿಯೋ ಹೆಂಗಸಿನದು. ಮೂವತ್ತೆರಡು ಎನ್ನಲು ಬಾಯಿ ತೆರೆದರೆ ಗಡಿಯಾರದಲ್ಲಿ ಮೂವತ್ತಮೂರು.

ಜನ ಹೋ ಎಂದರು. "ನಿನ್ ಬಾಯಿ ನಿದಾನ ಆಯ್ತ್ ಕಾಣ್!"

ಮತ್ತೆ ಶುರು ಮಾಡಿದೆ. ಸ್ವಲ್ಪ ಹೊತ್ತು ಸರಿ ಹೋಯಿತು, ಆಮೇಲೆ ಇನ್ನೊಂದು ಕಡೆ ಮುಗ್ಗರಿಸಿತು. ಈ ಸಲ ನಾನು ನಗಲಿಲ್ಲ. ನನ್ನ ಬಾಯಿ ಎಷ್ಟು ಕೆಟ್ಟದ್ದಾದರೂ ತಾಳ ತಪ್ಪುವ ಬಾಯಲ್ಲ. ಗಡಿಯಾರ ಆಗೊಮ್ಮೆ ಈಗೊಮ್ಮೆ ಒಂದು ಪೆಟ್ಟನ್ನು ಎರಡೆಂದು ಎಣಿಸುತ್ತಿತ್ತು. ಒಂದು ಸೆಕೆಂಡು ಹಾರಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥವು ಬೆಳಗಿನಿಂದ ಸಂಜೆಯ ತನಕ ಸೇರಿದರೆ ಬೈಂದೂರಿನ ಬಸ್ಸು ಲೇಟು, ಮಾವ ಕಳ್ಳ.

ಯಾಕೆ ಎರಡೆಂದು ಎಣಿಸುತ್ತದೆ ಎಂಬುದು ಮಾತ್ರ ತಲೆಗೆ ಹೋಗಲಿಲ್ಲ. ಅದು ಹೊಳೆದದ್ದು ಮಾವನ ಮನೆಯ ಬಾವಿಕಟ್ಟೆಯಲ್ಲಿ. ನೀರು ಸೇದಲು ಹೋದವನು ಬೈಂದೂರು ಏಜೆಂಟರ ಮೇಲಿನ ಸಿಟ್ಟಿಗೆ ಅವರದ್ದೇ ಸ್ವರದಲ್ಲಿ ಬಾವಿಗೆ "ಹ್ವಾಯ್!" ಎಂದೆ. ಮುರಕಲ್ಲಿನ ಬಾವಿ ಚೊಕ್ಕವಾಗಿ "ಹ್ವಾಯ್!" ಎಂದು ನನಗೇ ತಿರುಗಿ ಬೈಯಿತು. ಆಮೇಲೆ ಲೆಕ್ಚರರ ಸ್ವರದಲ್ಲಿ "ಉಂ..." ಎಂದು ನಿಧಾನಕ್ಕೆ ಏರಿಸಿದೆ. ಬಾವಿ ಸುಮ್ಮನಿತ್ತು. ಮತ್ತೆ ಹ್ವಾಯ್, ಬಾವಿಯೂ ಹ್ವಾಯ್. ಮತ್ತೆ ಉಂ, ಬಾವಿಗೆ ಮಾತಿಲ್ಲ.

ಅಡಿಗೆಮನೆಯ ಕಿಟಕಿಯಿಂದ ಅತ್ತೆ ಕೇಳಿದರು. "ಬಾವಿಗ್ ಎಂತಕ್ ಬೈತಿ ಮಾಣಿ? ಬೈಸ್ಕಂಬರ್ ಸ್ಟ್ಯಾಂಡಂಗೆ ಇದ್ರಲೆ, ಅಲ್ ಹೋಯಿ ಬೈ."

ನಾನು ಕೊಡಪಾನವನ್ನು ಅಲ್ಲೇ ಬಿಟ್ಟು ಕೂತೆ. ಸ್ವರ ಎರಡೂ ಸಲ ತಳಕ್ಕೆ ಹೋಗಿ ತಿರುಗಿ ಬರುತ್ತದೆ. ಆದರೆ 'ಉಂ' ತಾನು ಏರಿ ಮುಗಿಸುವ ಮೊದಲೇ ಅದರ ಮಾರ್ದನಿ ಬಂದು ಅದರೊಳಗೇ ಕರಗಿಹೋಗುತ್ತದೆ. 'ಹ್ವಾಯ್' ಗಕ್ಕನೆ ಎದ್ದು ಗಕ್ಕನೆ ಮುಗಿದಿರುತ್ತದೆ. ಮಾರ್ದನಿ ಬರುವಾಗ ಜಾಗ ಖಾಲಿ, ಹಾಗಾಗಿ ಅದು ಇನ್ನೊಬ್ಬ ಕೂಗಿದ ಹಾಗೆ ಬೇರೆಯಾಗಿ ಕೇಳುತ್ತದೆ. ಏಜೆಂಟರು ದಿನಕ್ಕೆ ಎಷ್ಟು ಸಲ ಕೂಗುತ್ತಾರೆ ಎಂಬುದು ಬಾವಿಗೆ ಬೇಕಿಲ್ಲ. ಒಂದು ಕೂಗು ಎಷ್ಟು ಗಕ್ಕನೆ ಏಳುತ್ತದೆ, ಬಾವಿ ಎಷ್ಟು ಆಳ ಇದೆ, ಇಷ್ಟೇ ಲೆಕ್ಕ. ಮಿಮಿಕ್ರಿಯಲ್ಲೂ ಅಷ್ಟೇ. ಒಬ್ಬನನ್ನು ಹಿಡಿಯಬೇಕಾದರೆ ಅವನ ಮಾತಿನ ಮೊದಲ ಅಂಚನ್ನು ಹಿಡಿಯಬೇಕು.

ನಮ್ಮ ವೈರೂ ಒಂದು ಬಾವಿ. ಹಳೆಯ ಐಸಿ ಉಂ ಎನ್ನುತ್ತಿತ್ತು, ಹೊಸದು ಹ್ವಾಯ್ ಎನ್ನುತ್ತಿದೆ. ಸೆಕೆಂಡಿಗೆ ಒಂದೇ ಸಲ ಹೌದು. ಆದರೆ ಆ ಒಂದು ಸಲ ಸೊನ್ನೆಯಿಂದ ಮೇಲಕ್ಕೆ ಏರುವ ಅಂಚು ಎಷ್ಟು ಕಡಿದಾಗಿದೆಯೆಂದರೆ, ಅದು ವೈರಿನ ತುದಿಗೆ ಬಡಿದು, ಹಿಂದೆ ಹೋಗಿ, ಮತ್ತೆ ಬಂದು, ಅಲುಗಾಡುತ್ತದೆ. ಆ ಅಲುಗಾಟ ಸ್ವಲ್ಪ ಜೋರಾದಾಗ ಆ ಕಡೆಯ ಐಸಿಗೆ ಅದು ಇನ್ನೊಂದು ಪೆಟ್ಟು. ಅದೂ ಕುದುರೆ ಜಾತಿಯದ್ದೇ. ಎಮ್ಮೆಯಾಗಿದ್ದರೆ ಅಷ್ಟು ಸಣ್ಣ ಅಲುಗಾಟಕ್ಕೆ ತಲೆ ಎತ್ತುತ್ತಿರಲಿಲ್ಲ.

ಕಾಲೇಜಿನ ಲ್ಯಾಬಿನಲ್ಲಿ ಅದೇ ಐಸಿಗೆ ಅಷ್ಟೇ ಉದ್ದದ ವೈರು ಕಟ್ಟಿ, ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡಿದೆ. ಹಸಿರು ಗೆರೆ ಗೋಡೆಯ ಹಾಗೆ ಎದ್ದು, ಮೇಲೆ ಹೋಗಿ ತರತರ ನಡುಗಿ, ಆಮೇಲೆ ಸಮಾಧಾನವಾಗುತ್ತಿತ್ತು. ಎಕ್ಸ್‌ಪ್ರೆಸ್ ಬಸ್ಸಿನವನು ಬ್ರೇಕ್ ಒತ್ತಿದಾಗ ನಿಂತಿದ್ದವರು ಮುಂದೆ ಹಿಂದೆ ತೂಗುವುದಿಲ್ಲವೇ, ಹಾಗೆ. ಅಲ್ಲಿಯೂ ದಿನಕ್ಕೆ ಎಷ್ಟು ಬಾರಿ ಬ್ರೇಕ್ ಹಾಕಿದ ಎಂದು ಯಾರೂ ಕೇಳುವುದಿಲ್ಲ, ಹಾಕಿದ ರೀತಿಗೆ ಬೈಯುತ್ತಾರೆ.

ಇದನ್ನು ಲೆಕ್ಚರರಿಗೆ ಹೇಳಲು ಸ್ಟಾಫ್ ರೂಮಿಗೆ ಹೋದೆ. ಕೈ ಕಟ್ಟಿ ನಿಂತು, ನನ್ನದೇ ಸ್ವರದಲ್ಲಿ, ಬಹಳ ಮರ್ಯಾದೆಯಿಂದ ಹೇಳಿದೆ. ಆಗ ಬಂದದ್ದೇ ಆ ವಾಕ್ಯ.

"ಉಂ... ಸೆಕೆಂಡಿಗೆ ಒಂದೇ ಪಲ್ಸ್ ಕಣಯ್ಯಾ. ಅದರಲ್ಲಿ ವೇಗದ ಪ್ರಶ್ನೆ ಎಲ್ಲಿಂದ ಬಂತು?"

"ಸರ್, ಎಷ್ಟು ಸಲ ಬರುತ್ತದೆ ಎನ್ನುವುದಲ್ಲ ಸರ್. ಒಂದು ಸಲ ಬಂದಾಗ ಎಷ್ಟು ಬೇಗ ಏರುತ್ತದೆ..."

"ಹೈ ಫ್ರೀಕ್ವೆನ್ಸಿ ಆದರೆ ಅದೆಲ್ಲ ಯೋಚನೆ ಮಾಡಬೇಕು. ಇದು ಗಡಿಯಾರ. ರೇಡಾರ್ ಅಲ್ಲ."

"ಲ್ಯಾಬಿನಲ್ಲಿ ನೋಡಿದೆ ಸರ್, ನಡುಗ್ತದೆ."

"ಪ್ರೋಬ್ ಸರಿಯಾಗಿ ಹಿಡಿದಿರೋದಿಲ್ಲ." ಕನ್ನಡಕ ತೆಗೆದು ಒರೆಸಿದರು. "ಕಾಲೇಜ್ ಡೇಯಲ್ಲಿ ನನ್ನ ಮಿಮಿಕ್ರಿ ಮಾಡಿದವನು ನೀನೇ ಅಲ್ವಾ? ಚೆನ್ನಾಗಿತ್ತು. ಅದನ್ನೇ ಮುಂದುವರಿಸು. ಟೈಮ್ ಕೀಪರ್ ನಿನಗೆ ಸಂಬಂಧ ಅಂತ ಕೇಳಿದೆ. ನೋಡಪ್ಪಾ, ಯಂತ್ರ ಸುಳ್ಳು ಹೇಳೋದಿಲ್ಲ. ಮನುಷ್ಯ ಹೇಳ್ತಾನೆ."

ಹೊರಗೆ ಬಂದು ಬ್ರಹ್ಮಾವರದ ತನಕ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಬಂದೆ. ಆ ಮನುಷ್ಯ ಕೆಟ್ಟವರಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು. ಕೆಟ್ಟವರಾಗಿದ್ದರೆ ಒಂದು ಕೈ ನೋಡಬಹುದಿತ್ತು. ಅವರಿಗೆ ತಮ್ಮ ಸರ್ಕಿಟ್ ಮೇಲೆ ಪ್ರೀತಿ, ಅಷ್ಟೇ. ಆದರೆ ಸರ್ಕಿಟ್ ಸರಿಯಿದೆ ಎಂದು ಅವರು ಒಂದೊಂದು ಸಲ ಹೇಳಿದಾಗಲೂ, ಮಾವ ಒಂದೊಂದು ಸಲ ಕಳ್ಳರಾಗುತ್ತಿದ್ದರು. ಅದು ಅವರ ಲೆಕ್ಕಕ್ಕೇ ಬರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಸ್ಟ್ಯಾಂಡಿನ ಮಾಡಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಏಜೆಂಟರ ಸಭೆ. ಮೊದಲ ವಿಷಯ: ರೂಮಿನ ಕೀಯನ್ನು ಮಾವನಿಂದ ತೆಗೆದುಕೊಳ್ಳುವುದು. ಕೀ ಹೋದರೆ ಕೆಲಸ ಹೋಯಿತು, ಅದರ ಜೊತೆ ಹೆಸರೂ. ಗಡಿಯಾರದ ಬಗ್ಗೆ ಹೇಳಲು ಲೆಕ್ಚರರನ್ನೂ ಕರೆಸಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೀಯನ್ನು ತೊಡೆಯ ಮೇಲಿಟ್ಟು ಕೂತಿದ್ದರು. ನಾನು ಜೇಬಿನಲ್ಲಿ ಅಕ್ಕಿ ಕಾಳಿನಷ್ಟು ದೊಡ್ಡ ಒಂದು ರೆಸಿಸ್ಟರ್ ಇಟ್ಟುಕೊಂಡು, ಸೋಲ್ಡರಿಂಗ್ ಐರನ್ ಹಿಡಿದು ನಿಂತಿದ್ದೆ. ನೋಡಿದವರಿಗೆ ಯಾರಿಗೋ ಬರೆ ಹಾಕಲು ಬಂದವನ ಹಾಗೆ ಕಂಡಿರಬೇಕು. ಕುಂದಾಪುರ ಏಜೆಂಟರು ಕುರ್ಚಿ ಸ್ವಲ್ಪ ಆಚೆ ಸರಿಸಿದರು.

"ಕೀ ತಕಂಬುಕ್ ಮುಂಚೆ ಒಂದ್ ಕೆಲಸ ಮಾಡ್ಕ್" ಎಂದೆ. "ಎಲ್ಲರೂ ಗಡಿಯಾರ ಕಂಡ್ಕಂಡ್ ಸೆಕೆಂಡ್ ಎಣ್ಸಿ. ಜೋರಂಗೆ."

"ಇದ್ ಯಾರ್ ಸ್ವರ ಮಾರಾಯ?" ಯಾರೋ ಹಿಂದಿನಿಂದ ಕೇಳಿದರು. ಎಲ್ಲರೂ ನಕ್ಕರು.

"ನಂದೇ."

ನಗು ನಿಂತಿತು. ಎಣಿಸಿದರು. ದೊಡ್ಡ ದೊಡ್ಡ ಗಂಡಸರು, ಮೀಸೆಯವರು, ಶಾಲೆಯ ಮಗ್ಗಿ ಹೇಳಿದ ಹಾಗೆ ಒಟ್ಟಿಗೆ ಕೂಗಿದರು. ಮೊದಲ ಸುತ್ತು ಏನೂ ಆಗಲಿಲ್ಲ. ಎರಡನೆಯ ಸುತ್ತಿನಲ್ಲಿ, ಹದಿನೇಳು ಎಂದು ಅಷ್ಟೂ ಬಾಯಿ ತೆರೆದಾಗ, ಗಡಿಯಾರ ಹದಿನೆಂಟು ತೋರಿಸಿತು. ಹದಿನೇಳು ಎಲ್ಲರ ಬಾಯಲ್ಲೂ ಅರ್ಧಕ್ಕೆ ನಿಂತಿತು. ಮಾವ ರೂಮಿನಿಂದ ಇಷ್ಟು ದೂರ, ಕೈ ತೊಡೆಯ ಮೇಲೆ, ಎಲ್ಲರ ಕಣ್ಣೆದುರು.

"ಹ್ವಾಯ್!" ಬೈಂದೂರು ಏಜೆಂಟರ ಕುರ್ಚಿ ಹಿಂದಕ್ಕೆ ಬಿತ್ತು. "ಹಾರ್ತ್ ಕಾಣಿ! ತನ್ನಿಂದ್ ತಾನೇ ಹಾರ್ತ್!"

"ಉಂ... ಲೂಸ್ ಕನೆಕ್ಷನ್ ಇರಬಹುದು" ಎಂದರು ಲೆಕ್ಚರರು.

ಡಬ್ಬಿಯಿಂದ ಹೊರಡುವ ವೈರಿಗೆ ಈ ರೆಸಿಸ್ಟರ್ ಸೇರಿಸುತ್ತೇನೆ ಎಂದೆ. ಏರುವ ಅಂಚನ್ನು ಅದು ಸ್ವಲ್ಪ ತಡೆಯುತ್ತದೆ, ತುದಿಯಿಂದ ಮರಳಿ ಬಂದದ್ದನ್ನು ನುಂಗಿಕೊಳ್ಳುತ್ತದೆ. ಲೆಕ್ಚರರು, ನನ್ನ ಸರ್ಕಿಟ್ ಮುಟ್ಟಬೇಡ ಎಂದರು. ನಾನು ಮಾವನ ಕಡೆ ಕೈ ಚಾಚಿ ಕೀ ಕೇಳಿದೆ. ಆ ಮಹಾನುಭಾವ ಕೊಡಲಿಲ್ಲ! "ಸಭೆಯವ್ರ್ ಒಪ್ಪಿರೆ ಕೊಡ್ತೆ" ಎಂದರು. ಯಾವ ಸಭೆ ಅವರ ಕೊರಳಿನ ಸೀಟಿ ಬಿಚ್ಚಲು ಕೂತಿತ್ತೋ, ಅದೇ ಸಭೆಯ ಅಪ್ಪಣೆ! ನನಗೆ ಸೋಲ್ಡರಿಂಗ್ ಐರನ್ನಿಗಿಂತ ತಲೆ ಬಿಸಿಯಾಯಿತು.

ಸಭೆ ಒಪ್ಪಿತು. ಬೆಸುಗೆ ಹಾಕಿದೆ. ಮಾವ ಜ್ಯೂಸ್ ಅಂಗಡಿಯ ರೇಡಿಯೋ ಕೇಳಿ ಸಮಯ ಕೂರಿಸಿದರು. ಮತ್ತೆ ಎಣಿಕೆ. ಸುತ್ತಿನ ಮೇಲೆ ಸುತ್ತು. ಎಲ್ಲರ ಗಂಟಲು ಒಣಗಿ ಸೋಡಾ ತರಿಸಿದರು, ಸೋಡಾ ಕುಡಿದು ಮತ್ತೆ ಎಣಿಸಿದರು. ಗಡಿಯಾರ ಒಂದು ಸಲವೂ ಮುಗ್ಗರಿಸಲಿಲ್ಲ.

"ಉಂ... ಆ ಬ್ಯಾಚಿನ ಐಸಿ ಸರಿ ಇಲ್ಲ ಅಂತ ಕಾಣ್ತದೆ" ಎಂದರು ಲೆಕ್ಚರರು. ಮೊದಲು ಮಾವ, ಈಗ ಐಸಿ. ಪಾಪದ ಐಸಿ, ಕುದುರೆಯ ಕೆಲಸವನ್ನು ಕುದುರೆಯ ಹಾಗೆ ಮಾಡಿತ್ತು.

"ಆಯ್ತಲೆ, ಮಿಷನಿಂದೇ ತಪ್ಪ್. ಬಗೆಹರೀತ್" ಎಂದರು ಕುಂದಾಪುರ ಏಜೆಂಟರು ಬೆಲ್ಲದ ಸ್ವರದಲ್ಲಿ. "ಇನ್ನ್ ಆ ಹೊಸ ತಂಗುದಾಣದ್ ಬಣ್ಣದ್ ವಿಷ್ಯ ಮಾತಾಡುವ."

ಬಣ್ಣ! ಒಬ್ಬರಾದರೂ ಮಾವನ ಮುಖ ನೋಡಲಿಲ್ಲ. ಹಸಿರೋ ನೀಲಿಯೋ ಎಂದು ಶುರುವಾಗಿಯೇಬಿಟ್ಟಿತು. ಮಾವ ಕೀಯನ್ನು ಜೇಬಿಗೆ ಹಾಕಿಕೊಂಡು ತಾವೂ ಬಣ್ಣದ ಚರ್ಚೆ ಕೇಳುತ್ತಾ ಕೂತರು.

ನಾನು ಬೆಂಚಿನ ಮೇಲೆ ಹತ್ತಿದೆ. ಮೊದಲು ಬೈಂದೂರು ಏಜೆಂಟರು, ಅವರದ್ದೇ ಅಂಚಿನಿಂದ: "ಹ್ವಾಯ್! ಬಟನ್ ಒತ್ತುದ್ ಬೆರಳ್ ಕಾಣಿ, ಎಷ್ಟ್ ದಪ್ಪ ಆಯ್ತ್!" ಬಸ್ಸಿಗೆ ಕಾದಿದ್ದ ಜನ ತಿರುಗಿ ನೋಡಿದರು. ಆಮೇಲೆ ಬೆಲ್ಲ: "ಪಾಪ ಅವ್ರ್ ಎಂತ ಮಾಡುದ್. ಮನಿಗ್ ಹೊಸ ಹೆಂಚ್ ಹೊದ್ಸಿರಲ್ದಾ ಈ ಸರ್ತಿ." ಆಮೇಲೆ ಉಂ: "ಯಂತ್ರ ಸುಳ್ಳು ಹೇಳೋದಿಲ್ಲ. ಮನುಷ್ಯ ಹೇಳ್ತಾನೆ." ಮೀನಿನವಳದ್ದನ್ನೂ ಬಿಡಲಿಲ್ಲ, ಅವಳು ಅಲ್ಲಿ ಇರದಿದ್ದರೂ. ಆ ಮಳೆಗಾಲದಲ್ಲಿ ಮಾವನ ಬಗ್ಗೆ ಯಾರು ಏನು ಅಂದಿದ್ದರೋ ಅದನ್ನು ಅವರವರ ಸ್ವರದಲ್ಲೇ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ, ಅವರವರ ಮುಖ ನೋಡಿಯೇ ಹೇಳಿದೆ. ತಗಡಿನ ಮಾಡು ಒಂದೊಂದನ್ನೂ ಇನ್ನೊಮ್ಮೆ ಹೇಳಿತು. ಯಾರೂ ನಗಲಿಲ್ಲ. ನನ್ನ ಮಿಮಿಕ್ರಿಗೆ ಜನ ನಗದೆ ಇದ್ದದ್ದು ಅದೊಂದೇ ಸಲ. ಬೈಂದೂರು ಏಜೆಂಟರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಮುಚ್ಚಿದರು. ತೆರೆದರೆ ನಾನು ಮೊದಲೇ ಹೇಳಿಬಿಟ್ಟಿದ್ದ ಮಾತೇ ಹೊರಗೆ ಬೀಳುತ್ತದೆಂದು ಹೆದರಿದವರ ಹಾಗೆ.

"ಸಾಕ್" ಎಂದರು ಮಾವ. ನನ್ನ ಕಡೆ ತಿರುಗಿ, "ನಂದೊಂದ್ ಬಿಟ್ಯಲ" ಎಂದರು. ಸಭೆ ಹಗುರಾಗಲಿ ಎಂದು ಹೇಳಿದ್ದಿರಬೇಕು.

ಮಾವನನ್ನು ನಾನು ಯಾವತ್ತೂ ಮಾಡಿರಲಿಲ್ಲ. ಅವರ ಸ್ವರದಲ್ಲಿ ಹಿಡಿದುಕೊಳ್ಳಲು ಮೂಲೆಯೇ ಇಲ್ಲ. ಗಕ್ಕನೆ ಏಳುವುದಿಲ್ಲ, ಎಳೆದಾಡುವುದೂ ಇಲ್ಲ. ಆದರೆ ಆ ಕ್ಷಣ ಬಾಯಿ ತೆರೆದರೆ ಅವರೇ ಬಂದರು:

"ಕುಂದಾಪ್ರ, ಕೋಟ, ಬ್ರಹ್ಮಾವರ... ಹೋಯ್ಲೀ ರೈಟ್!"

ಆ ಕಡೆ ನಿಂತಿದ್ದ ಕುಂದಾಪುರ ಬಸ್ಸಿನ ಡ್ರೈವರು ಪೇಪರು ಮಡಿಸಿ, ಗೇರು ಹಾಕಿ, ಹೊರಟೇಬಿಟ್ಟ. ಕಂಡಕ್ಟರು ಜ್ಯೂಸ್ ಅಂಗಡಿಯಲ್ಲಿ ಗ್ಲಾಸು ಹಿಡಿದುಕೊಂಡೇ ಉಳಿದ. ಕುಂದಾಪುರ ಏಜೆಂಟರು ಬೆಲ್ಲವನ್ನೆಲ್ಲ ಉಗುಳಿ "ಏಯ್, ಏಯ್!" ಎಂದು ಪಂಚೆ ಎತ್ತಿ ಬಸ್ಸಿನ ಹಿಂದೆ ಓಡಿದರು.

ಮಾವ ತಲೆ ಎತ್ತಿ ಕೆಂಪು ಅಂಕೆ ನೋಡಿದರು. ಮುಖ ಕೆಂಪಾಯಿತು. ಇಡೀ ಮಳೆಗಾಲ ಯಾರ ಮೇಲೂ ಬಾರದ ಸಿಟ್ಟು ಅವರಿಗೆ ಈಗ ಬಂತು, ಅದೂ ನನ್ನ ಮೇಲೆ.

"ಒಂದ್ ನಿಮಿಷ ಇತ್ತಲ ಮಾಣಿ! ಯಾರ್ ಕೇಂಡ್ ಬಿಟ್ಟದ್ ನೀನ್? ಹಿಂದ್ ಬೈಂದೂರ್ ಬಸ್ಸ್ ಬತ್ತಿತ್ತ್, ಅವ್ರ್ ಜನ ಎಲ್ಲ ಇವ್ನೇ ಹೊತ್ಕಂಡ್ ಹೋಪುದಾ?"

ಕೊರಳಿನ ಸೀಟಿ ಎತ್ತಿ ಊದಿದರು. ಹೆದ್ದಾರಿಗೆ ಮೂತಿ ಹಾಕಿದ್ದ ಬಸ್ಸು ಅಲ್ಲೇ ನಿಂತಿತು, ಒಳಗೆ ನಿಂತಿದ್ದವರು ಮುಂದಕ್ಕೂ ಹಿಂದಕ್ಕೂ ತೂಗಿದರು. "ಹಿಂದ್ ತೆಗಿ" ಎಂದು ಮಾವ ಕೈ ಬೀಸಿದರು. ಬಸ್ಸು ಮೆಲ್ಲ ಹಿಂದೆ ಬಂದು ತನ್ನ ಜಾಗದಲ್ಲಿ ನಿಂತಿತು. ಏಜೆಂಟರೆಲ್ಲ ಬಣ್ಣದ ಮಾತು ಬಿಟ್ಟು, ಗಡಿಯಾರ ನೋಡುತ್ತಾ, ಆ ಒಂದು ನಿಮಿಷ ಮುಗಿಯುವ ತನಕ ಕಾದರು.